ಆಸ್ಬೋರ್ನ್ ಹೌಸ್: ಒಂದೇ ದಿನದಲ್ಲಿ ರಾಣಿಯ ಮನೆ, ತೋಟ ಮತ್ತು ಕೊಡಗಿನ ಗೌರಮ್ಮ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಜುಲೈನಲ್ಲಿ ಮಡಿಕೇರಿಯಿಂದ ಅತ್ತೆ-ಮಾವ ಬರುತ್ತಿದ್ದಾರೆ. ಐಲ್ ಆಫ್ ವೈಟ್ ದ್ವೀಪದಲ್ಲಿರುವ ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಹೌಸ್ ನೋಡಿಕೊಂಡು ಅದೇ ದಿನ ವಾಪಸಾಗಬೇಕು. ಕೊಡಗಿನ ರಾಜಕುಮಾರಿ ಗೌರಮ್ಮನ ಚಿತ್ರ ಅಲ್ಲಿದೆಯಂತೆ. ಮಾವನವರಿಗೆ ಅದನ್ನು ನೋಡಲೇಬೇಕು. ಅತ್ತೆಗೆ ಮಂಡಿನೋವು. ಒಂಬತ್ತು ವರ್ಷದ ಮಗಳಿಗೆ ಇಂಥ ಹಳೇ ಮನೆಗಳಲ್ಲಿ ಹತ್ತೇ ನಿಮಿಷಕ್ಕೆ ಬೇಜಾರು. ಹೇಗೆ ಹೋಗಬೇಕು, ಎಷ್ಟು ಹೊತ್ತು ಬೇಕು, ಏನನ್ನು ಬಿಟ್ಟರೂ ನಡೆಯುತ್ತದೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಆಸ್ಬೋರ್ನ್‌ನಲ್ಲಿ ಬಹಳ ಜನರ ದಿನ ಕೆಡುವುದೇ ಯಾವುದನ್ನು ಬಿಡಬೇಕೆಂದು ಗೊತ್ತಾಗದೆ. ಮನೆಯೊಳಗೆ ಜನ ನಡೆಯುವ ದಾರಿ ಒಂದೇ ದಿಕ್ಕಿನದು. ಮೊದಲು ಶಿಲ್ಪಗಳು ತುಂಬಿದ ಉದ್ದನೆಯ ಗ್ರ್ಯಾಂಡ್ ಕಾರಿಡಾರ್, ಮಂತ್ರಿಗಳನ್ನು ಕಾಣುತ್ತಿದ್ದ ಕೋಣೆಗಳು, ಊಟದ ಹಾಲ್, ಡ್ರಾಯಿಂಗ್ ರೂಮ್. ಆಮೇಲೆ ಮೇಲಿನ ಮಹಡಿಗಳು. ಭಾರತಕ್ಕೆ ಸಂಬಂಧಪಟ್ಟ ದರ್ಬಾರ್ ಭಾಗ ಬರುವುದು ಕಟ್ಟಕಡೆಗೆ. ಆರಂಭದಲ್ಲೇ ಒಂದೊಂದು ಶಿಲ್ಪದ ಫಲಕವನ್ನೂ ಓದುತ್ತಾ ನಿಂತವರು ದರ್ಬಾರ್ ಕಾರಿಡಾರ್ ತಲುಪುವ ಹೊತ್ತಿಗೆ ಕಾಲು ಸೋತು, ಹಸಿದು, ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡುತ್ತಿರುತ್ತಾರೆ. ನೀವು ಹೋಗುತ್ತಿರುವುದೇ ಆ ಕೊನೆಯ ಭಾಗಕ್ಕಾಗಿ. ಹಾಗಾಗಿ ಮೊದಲ ಕಾರಿಡಾರನ್ನು ನೋಡುತ್ತಾ ದಾಟಿಬಿಡಿ, ನಿಲ್ಲಬೇಡಿ. ದರ್ಬಾರ್ ಭಾಗಕ್ಕೆ ಮುಕ್ಕಾಲು ಗಂಟೆ ಎತ್ತಿಟ್ಟುಕೊಳ್ಳಿ.

ಮನೆಯ ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. ವಿಕ್ಟೋರಿಯಾ ಮತ್ತು ಪತಿ ಆಲ್ಬರ್ಟ್ 1845ರಲ್ಲಿ ಈ ಎಸ್ಟೇಟನ್ನು ಕೊಂಡರು. ಅಲ್ಲಿದ್ದ ಹಳೆಯ ಮನೆಯನ್ನು ಕೆಡವಿ 1851ರೊಳಗೆ ಈಗಿನ ಕಟ್ಟಡವನ್ನು ಮುಗಿಸಿದರು. ಇದು ಸರ್ಕಾರಿ ಅರಮನೆ ಅಲ್ಲ, ಮಕ್ಕಳ ಜೊತೆ ರಜೆ ಕಳೆಯಲು ಕಟ್ಟಿಸಿಕೊಂಡ ಸ್ವಂತ ಮನೆ. ಕಟ್ಟಿದವರು ಲಂಡನ್ನಿನ ಕಂಟ್ರಾಕ್ಟರ್ ಥಾಮಸ್ ಕ್ಯೂಬಿಟ್. ನಕ್ಷೆಯಲ್ಲಿ ಆಲ್ಬರ್ಟ್ ಕೈ ದೊಡ್ಡದು. ಮುಂದಿರುವ ಸಾಲೆಂಟ್ ಜಲಸಂಧಿ ಅವರಿಗೆ ನೇಪಲ್ಸ್ ಕೊಲ್ಲಿಯಂತೆ ಕಂಡಿತಂತೆ, ಅದಕ್ಕೇ ಎರಡು ಗೋಪುರಗಳ ಇಟಲಿ ಶೈಲಿ. ಗೋಡೆಗಳು ಕಲ್ಲಿನಂತೆ ಕಾಣುತ್ತವೆ, ಆದರೆ ಅದು ಇಟ್ಟಿಗೆಯ ಮೇಲೆ ಸಿಮೆಂಟ್ ಗಾರೆ ಬಳಿದು ಬಾತ್ ಊರಿನ ಕಲ್ಲಿನ ಬಣ್ಣ ಕೊಟ್ಟದ್ದು. ಆಲ್ಬರ್ಟ್ 1861ರಲ್ಲಿ ತೀರಿಕೊಂಡರು, ರಾಣಿ 1901ರ ಜನವರಿ 22ರಂದು ಇದೇ ಮನೆಯಲ್ಲಿ. ಮಗ ಏಳನೇ ಎಡ್ವರ್ಡ್‌ಗೆ ಈ ಮನೆ ಬೇಕಿರಲಿಲ್ಲ, 1902ರಲ್ಲಿ ದೇಶಕ್ಕೆ ಕೊಟ್ಟುಬಿಟ್ಟರು. ಒಂದು ಭಾಗದಲ್ಲಿ ನೌಕಾಪಡೆಯ ಶಾಲೆ ನಡೆಯಿತು, ಇನ್ನೊಂದು ಭಾಗ ಅಧಿಕಾರಿಗಳ ಆರೈಕೆಯ ಮನೆಯಾಯಿತು. ರಾಣಿಯ ಖಾಸಗಿ ಕೋಣೆಗಳಿಗೆ ಮಾತ್ರ ಬೀಗ. ಎರಡನೇ ಎಲಿಜಬೆತ್ ಒಪ್ಪಿಗೆ ಕೊಟ್ಟು ಆ ಕೋಣೆಗಳು ಜನರಿಗೆ ತೆರೆದದ್ದು 1954ರಲ್ಲಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ವಾಸ ಮಾಡದೆ, ಬಣ್ಣ ಬದಲಿಸದೆ, ಸಾಮಾನು ಮಾರದೆ ಉಳಿದಿದ್ದರಿಂದಲೇ ಇದು ಬೇರೆ ವಿಕ್ಟೋರಿಯನ್ ಮನೆಗಳಿಗಿಂತ ಹೆಚ್ಚು ಇಡಿಯಾಗಿ ಸಿಗುತ್ತದೆ. 1986ರಿಂದ ಇಂಗ್ಲಿಷ್ ಹೆರಿಟೇಜ್ ಎಂಬ ಸ್ಮಾರಕ ಸಂರಕ್ಷಣಾ ಸಂಸ್ಥೆ ನೋಡಿಕೊಳ್ಳುತ್ತಿದೆ. ಒಳಗಿನ ಬಹುಪಾಲು ಚಿತ್ರ, ಶಿಲ್ಪ, ಪೀಠೋಪಕರಣ ರಾಜಮನೆತನದ ರಾಯಲ್ ಕಲೆಕ್ಷನ್‌ಗೆ ಸೇರಿದ್ದು.

ದಾರಿ

ಐಲ್ ಆಫ್ ವೈಟ್ ಇಂಗ್ಲೆಂಡಿನದೇ ಭಾಗ. ಅತ್ತೆ-ಮಾವನಿಗೆ ಬೇರೆ ವೀಸಾ ಬೇಡ.

ಸೌತಾಂಪ್ಟನ್‌ನಿಂದ ಎರಡು ಬಗೆಯ ದೋಣಿಗಳಿವೆ, ಎರಡೂ ರೆಡ್ ಫನಲ್ ಕಂಪನಿಯವು. ಗೊಂದಲ ಆಗುವುದೇ ಇಲ್ಲಿ. ರೆಡ್ ಜೆಟ್ ವೇಗದ ದೋಣಿ, ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ, ಆದರೆ ಇಳಿಸುವುದು ಮೆಡಿನಾ ನದಿಯ ಪಶ್ಚಿಮ ದಡದ ಕೌಸ್‌ನಲ್ಲಿ. ಆಸ್ಬೋರ್ನ್ ಇರುವುದು ಪೂರ್ವ ದಡದ ಈಸ್ಟ್ ಕೌಸ್‌ನಲ್ಲಿ. ನಡುವೆ ಸೇತುವೆ ಇಲ್ಲ. ಸರಪಳಿ ಎಳೆದುಕೊಂಡು ದಾಟುವ ಫ್ಲೋಟಿಂಗ್ ಬ್ರಿಡ್ಜ್ ಎಂಬ ಕಟ್ಟೆದೋಣಿ ಇದೆ. ಅದು ರಿಪೇರಿಗೆಂದು ಆಗಾಗ ನಿಲ್ಲುತ್ತದೆ. ಅದು ನಿಂತ ದಿನ ನ್ಯೂಪೋರ್ಟ್ ಊರನ್ನು ಸುತ್ತಿ ಬರಬೇಕು. ಕಾರುಗಳನ್ನೂ ಒಯ್ಯುವ ದೊಡ್ಡ ಫೆರ್ರಿ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ನೇರ ಈಸ್ಟ್ ಕೌಸ್‌ಗೇ ಹೋಗುತ್ತದೆ. ಕಾರಿಲ್ಲದೆ ನಡೆದು ಹತ್ತುವವರನ್ನೂ ಕರೆದೊಯ್ಯುತ್ತದೆ. ಹಿರಿಯರಿದ್ದಾಗ ಇದೇ ಸರಿ: ಹಡಗು ಅಷ್ಟಾಗಿ ಅಲ್ಲಾಡುವುದಿಲ್ಲ, ಕೂರಲು ಜಾಗ ಧಾರಾಳ, ಶೌಚಾಲಯವಿದೆ. ಎರಡು ದೋಣಿಗಳಿಗೂ ಸೌತಾಂಪ್ಟನ್‌ನಲ್ಲಿ ಬೇರೆ ಬೇರೆ ಟರ್ಮಿನಲ್. ಟಿಕೆಟ್ ಮೇಲೆ ಯಾವುದು ಬರೆದಿದೆ ನೋಡಿಕೊಂಡು ಹೊರಡಿ.

ಈಸ್ಟ್ ಕೌಸ್‌ನಲ್ಲಿ ಇಳಿದ ಮೇಲೆ ಆಸ್ಬೋರ್ನ್‌ನ ಗೇಟಿಗೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ, ಅದೂ ಏರು. ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆಂದು ಅತ್ತೆಯವರನ್ನು ನಡೆಸಬೇಡಿ. ಅವರ ಮಂಡಿಯ ಶಕ್ತಿ ಮನೆಯೊಳಗೆ ಬೇಕಾಗುತ್ತದೆ. ಸದರ್ನ್ ವೆಕ್ಟಿಸ್ ಕಂಪನಿಯ 4 ಮತ್ತು 5ನೇ ನಂಬರಿನ ಬಸ್ಸುಗಳು ಆಸ್ಬೋರ್ನ್ ಮುಂದೆಯೇ ನಿಲ್ಲುತ್ತವೆ. ನಾಲ್ಕೈದು ಜನ ಇದ್ದರೆ ಟ್ಯಾಕ್ಸಿಯೂ ದುಬಾರಿ ಅನಿಸುವುದಿಲ್ಲ. ಲಂಡನ್ ಕಡೆಯಿಂದ ಬರುವ ನೆಂಟರಿದ್ದರೆ ಅವರಿಗೆ ಪೋರ್ಟ್ಸ್‌ಮತ್ ಹಾರ್ಬರ್ ಸ್ಟೇಷನ್ ಅನುಕೂಲ. ರೈಲಿನಿಂದ ಇಳಿದಲ್ಲೇ ರೈಡ್ ಊರಿಗೆ ಹೋಗುವ ದೋಣಿ ಸಿಗುತ್ತದೆ, ರೈಡ್‌ನಿಂದ ಅದೇ 4ನೇ ನಂಬರ್ ಬಸ್.

ಜುಲೈ ಕೊನೆ, ಆಗಸ್ಟ್ ಮೊದಲ ವಾರದಲ್ಲಿ ಕೌಸ್ ವೀಕ್ ಎಂಬ ಹಾಯಿದೋಣಿ ಸ್ಪರ್ಧೆ ನಡೆಯುತ್ತದೆ. ಆಗ ಫೆರ್ರಿ, ಬಸ್ಸು, ಹೋಟೆಲು ಎಲ್ಲವೂ ಭರ್ತಿ. ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೂ ಜುಲೈ ಕೊನೆಗೇ. ನಿಮ್ಮ ಮಗಳ ಶಾಲೆ ಮುಗಿಯುವ ಮುಂಚಿನ ಒಂದು ಶನಿವಾರವೋ ಭಾನುವಾರವೋ ಸಿಕ್ಕರೆ ಬಿಡಬೇಡಿ.

ಟಿಕೆಟ್ಟನ್ನು ಇಂಗ್ಲಿಷ್ ಹೆರಿಟೇಜ್ ವೆಬ್‌ಸೈಟಿನಲ್ಲಿ ಮೊದಲೇ ತೆಗೆದರೆ ಗೇಟಿನ ದರಕ್ಕಿಂತ ಕಡಿಮೆ. ಅತ್ತೆ-ಮಾವ ಸ್ಟೋನ್‌ಹೆಂಜ್, ಡೋವರ್ ಕೋಟೆ ಇಂಥವನ್ನೂ ನೋಡುವವರಿದ್ದರೆ ವಿದೇಶಿ ಪ್ರವಾಸಿಗರಿಗೆಂದೇ 9 ದಿನದ ಮತ್ತು 16 ದಿನದ ಪಾಸ್ ಇದೆ, ಲೆಕ್ಕ ಹಾಕಿ. ನೀವು ಅಲ್ಲಿನ ನಿವಾಸಿಗಳಾದ್ದರಿಂದ ವಾರ್ಷಿಕ ಸದಸ್ಯತ್ವ ಹೊಂದೀತು.

ಮನೆಯೊಳಗೆ

ಬೇಸಿಗೆಯಲ್ಲಿ ಸಾಮಾನ್ಯವಾಗಿ ಬೆಳಗ್ಗೆ 10ಕ್ಕೆ ಬಾಗಿಲು ತೆರೆಯುತ್ತದೆ. ಹತ್ತರ ಆಸುಪಾಸಿನಲ್ಲಿ ಗೇಟಿನಲ್ಲಿದ್ದರೆ ಮೊದಲು ಮನೆ, ಆಮೇಲೆ ತೋಟ. ಹನ್ನೊಂದು ದಾಟಿದರೆ ತಿರುಗಿಸಿ: ಪ್ರವಾಸಿ ಬಸ್ಸುಗಳ ಜನ ಮನೆಯೊಳಗೆ ತುಂಬಿರುವ ಹೊತ್ತು ಅದು, ಆಗ ತೋಟದಾಚೆ ಇರುವ ಸ್ವಿಸ್ ಕಾಟೇಜ್ (ರಾಣಿಯ ಮಕ್ಕಳ ಮರದ ಮನೆ) ಮತ್ತು ಕಡಲ ದಂಡೆಗೆ ಹೋಗಿ, ಮಧ್ಯಾಹ್ನ ಎರಡರ ಮೇಲೆ ಮನೆಗೆ ಬನ್ನಿ. ಹಾಗೆ ಮಾಡುವವರು ಮನೆಗೆ ಕೊನೆಯ ಪ್ರವೇಶ ಎಷ್ಟು ಹೊತ್ತಿಗೆ ಎಂದು ಗೇಟಿನಲ್ಲೇ ಕೇಳಿಕೊಳ್ಳಬೇಕು. ತೋಟ ತೆರೆದಿರುವಾಗಲೇ ಮನೆಯ ಪ್ರವೇಶ ನಿಂತುಹೋಗುತ್ತದೆ.

ದೊಡ್ಡ ಬ್ಯಾಗು ಬೇಡ. ಬೆನ್ನಿಗೆ ಹಾಕುವ ಚೀಲ ಇದ್ದರೆ ಎದೆಗೆ ಹಾಕಿಕೊಳ್ಳಲು ಹೇಳುತ್ತಾರೆ. ತಿರುಗುವಾಗ ಬೆನ್ನ ಹಿಂದಿನ ಹೂದಾನಿ ಯಾರಿಗೂ ಕಾಣುವುದಿಲ್ಲವಲ್ಲ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಬೇಡಿ. ಇಡೀ ಮೈಭಾರ ಒಂದು ಗುಂಡಿಯಷ್ಟು ಜಾಗದ ಮೇಲೆ ಬಿದ್ದು ಮರದ ನೆಲದಲ್ಲೂ ಹೆಂಚಿನ ನೆಲದಲ್ಲೂ ಗುಳಿ ಮಾಡುತ್ತದೆ. ಗಿಲೀಟು ಮಾಡಿದ ಚೌಕಟ್ಟು, ಕುರ್ಚಿಯ ಕೈ, ಗೋಡೆಯ ಗಾರೆ ಯಾವುದನ್ನೂ ಮುಟ್ಟಬಾರದು; ಚಿನ್ನದ ರೇಕು ಕೂದಲಿಗಿಂತ ತೆಳ್ಳಗೆ, ಬೆರಳಿನ ಬೆವರಿನ ಉಪ್ಪು-ಜಿಡ್ಡಿಗೆ ಎದ್ದುಬರುತ್ತದೆ. ಕ್ಯಾಮೆರಾ ಹೊರತೆಗೆಯುವ ಮುಂಚೆ ಬಾಗಿಲಲ್ಲಿ ಕೇಳಿ. ಫ್ಲಾಶ್ ಅಂತೂ ಎಲ್ಲೂ ಬೇಡ.

ಒಳಗೆ ಬಂದ ಕೂಡಲೇ ಹಿರಿಯರು ಹೇಳುವ ಮೊದಲ ಮಾತು, "ಇದೇನು ಇಷ್ಟು ಕತ್ತಲು, ಪರದೆ ಸರಿಸಬಾರದೆ?" ಸರಿಸಬಾರದು. ರೇಷ್ಮೆ, ಉಣ್ಣೆ, ಜಲವರ್ಣ ಇರುವ ಕೋಣೆಗಳಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ), ತೈಲಚಿತ್ರಗಳಿರುವಲ್ಲಿ ಸುಮಾರು 200 ಲಕ್ಸ್‌ಗೆ ಇಳಿಸುವುದು ಸಂರಕ್ಷಣೆಯ ಸಾಮಾನ್ಯ ನಿಯಮ. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್ ಇರುತ್ತದೆ. ಬೆಳಕಿನಿಂದ ಮಾಸಿದ ಬಣ್ಣ ತೊಳೆದರೂ ತಿರುಗಿ ಬರುವುದಿಲ್ಲ, ರೇಷ್ಮೆಯ ಎಳೆ ಒಣಗಿ ಸೀಳುತ್ತದೆ. ಕಡಲಿಗೆ ಮುಖ ಮಾಡಿದ ಮನೆಯಾದ್ದರಿಂದ ತೇವದ ಕಾಟ ಬೇರೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಬೂಸ್ಟು, ಕಡಿಮೆಯಾದರೆ ಮರದ ಮೇಲಿನ ಪದರ ಬಿರುಕು ಬಿಡುತ್ತದೆ. ಮೂಲೆಯಲ್ಲಿ ಪುಟ್ಟ ಅಂಟಿನ ಪೆಟ್ಟಿಗೆ ಕಂಡರೆ ಮಗಳಿಗೆ ತೋರಿಸಿ. ಉಣ್ಣೆಬಟ್ಟೆ ತಿನ್ನುವ ನುಸಿ ಎಷ್ಟಿದೆ ಎಂದು ಎಣಿಸಲು ಇಡುವ ಬಲೆ ಅದು. ನಿಮ್ಮ ಕೆಲಸ ಇಷ್ಟೇ: ತಂಪು ಕನ್ನಡಕ ತೆಗೆದು, ಕೋಣೆಯ ಹೊಸ್ತಿಲಲ್ಲಿ ಒಂದೆರಡು ನಿಮಿಷ ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲುವುದು.

ಕೆಳಗಿನ ಕೋಣೆಗಳಲ್ಲಿ ಹೊತ್ತು ಕೊಡಬೇಕಾದ್ದು ಡ್ರಾಯಿಂಗ್ ರೂಮ್ ಮತ್ತು ಅದಕ್ಕೆ ಮೂಲೆಯಾಗಿ ಸೇರಿಕೊಂಡ ಬಿಲಿಯರ್ಡ್ಸ್ ಕೋಣೆಗೆ. ಎರಡರ ನಡುವೆ ಬಾಗಿಲಿಲ್ಲ, ಕಂಬ ಮತ್ತು ಪರದೆ ಮಾತ್ರ. ರಾಣಿಯ ಎದುರು ಅನುಮತಿ ಇಲ್ಲದೆ ಗಂಡಸರು ಕೂರುವಂತಿರಲಿಲ್ಲ. ಹೀಗೆ ಮೂಲೆ ತಿರುಗಿಸಿ ಕಟ್ಟಿದ್ದರಿಂದ ಲೆಕ್ಕಕ್ಕೆ ರಾಣಿಯ ಸನ್ನಿಧಿಯಲ್ಲೇ ಇದ್ದರೂ ಕಣ್ಣಿಗೆ ಬೀಳದೆ ಕೂತು ಆಟ ಆಡಬಹುದಿತ್ತು. ಅಮೃತಶಿಲೆಯೆಂದು ನೀವು ಮೆಚ್ಚುವ ಕಂಬಗಳು ಅಮೃತಶಿಲೆಯಲ್ಲ, ಹಾಗೆ ಕಾಣುವಂತೆ ಮಾಡಿದ್ದು. ಮಗಳನ್ನು ಹಿಡಿದಿಡಲು ಒಂದು ಕೆಲಸ ಕೊಡಿ: ರಾಣಿಯ ಮಕ್ಕಳ ಎಳೆಯ ಕೈಕಾಲುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಇಟ್ಟಿದ್ದಾರೆ (ಇದು ನಿಜವಾದ ಅಮೃತಶಿಲೆ), ಹುಡುಕಲಿ. ಕೆಲವರಿಗೆ ಮುದ್ದು, ಕೆಲವರಿಗೆ ಮೈ ಜುಮ್. ಅಲೆಗ್ಸಾಂಡರ್ ಗ್ರಹಾಂ ಬೆಲ್ ಹೊಸದಾಗಿ ಕಂಡುಹಿಡಿದ ಟೆಲಿಫೋನನ್ನು 1878ರ ಜನವರಿಯಲ್ಲಿ ರಾಣಿಗೆ ತೋರಿಸಿದ್ದೂ ಈ ಮನೆಯಲ್ಲೇ ಎಂದರೆ ಫೋನು ಬಿಡದ ಮಕ್ಕಳು ಒಂದು ಗಳಿಗೆ ಕಿವಿಗೊಡುತ್ತಾರೆ.

ಮೊದಲ ಮಹಡಿಯಲ್ಲಿ ರಾಣಿಯ ಕೂರುವ ಕೋಣೆ, ಸ್ನಾನದ ಕೋಣೆಗಳು, ಮಲಗುವ ಕೋಣೆ. ಕೂರುವ ಕೋಣೆಯಲ್ಲಿ ಇಬ್ಬರ ಮೇಜುಗಳು ಪಕ್ಕಪಕ್ಕದಲ್ಲೇ ಇವೆ; ಸಾಮ್ರಾಜ್ಯದ ಕಾಗದಪತ್ರಗಳು ಹೋಗುತ್ತಿದ್ದದ್ದು ಇಷ್ಟು ಚಿಕ್ಕ ಮೇಜುಗಳ ಮೇಲೆ. ರಾಣಿಯ ಬಾತ್‌ಟಬ್ಬು ಮತ್ತು ಶವರ್ ಬೀರುವಿನಂಥ ಬಾಗಿಲುಗಳ ಹಿಂದೆ ಅಡಗಿವೆ, ಸಿಬ್ಬಂದಿ ತೋರಿಸದಿದ್ದರೆ ಗೊತ್ತೇ ಆಗುವುದಿಲ್ಲ. ಮಲಗುವ ಕೋಣೆಯಲ್ಲಿ ಆಲ್ಬರ್ಟ್ ಮಲಗುತ್ತಿದ್ದ ಕಡೆಗೆ, ತೀರಿಕೊಂಡಾಗಿನ ಅವರ ಚಿತ್ರ ತೂಗುಹಾಕಿದೆ. ಗಡಿಯಾರ ಇಡುವ ಚೀಲವೂ ಹಾಗೇ ಇದೆ. ರಾಣಿ ಸತ್ತದ್ದೂ ಈ ಕೋಣೆಯಲ್ಲಿ, ಮಕ್ಕಳು ಮುಂದೆ ಇದನ್ನು ಸ್ಮಾರಕದಂತೆ ಇಟ್ಟುಕೊಂಡರು. ಇಲ್ಲಿ ಜನ ಗುಂಪುಗಟ್ಟಿ ನಿಲ್ಲುತ್ತಾರೆ. ಮುಂದಿನ ಗುಂಪು ಸರಿಯುವವರೆಗೆ ಹಿಂದಿನ ಕೋಣೆಯಲ್ಲೇ ಕಾಯಿರಿ.

ಅದರ ಮೇಲಿನ ಮಹಡಿಯಲ್ಲಿ ಮಕ್ಕಳ ನರ್ಸರಿ. 1870ರ ದಶಕದ ಫೋಟೋಗಳನ್ನು ನೋಡಿ ಮತ್ತೆ ಜೋಡಿಸಿದ್ದು. ಮಗಳಿಗೆ ಖುಷಿಯಾಗುತ್ತದೆ, ಆದರೆ ಅತ್ತೆಯವರು ಬಿಟ್ಟರೆ ನಷ್ಟವಿಲ್ಲ. ಮಂಡಿನೋವಿನ ವಿಷಯವನ್ನು ಮೆಟ್ಟಿಲ ಬುಡದಲ್ಲಿ ಅಲ್ಲ, ಮನೆಯ ಮೊದಲ ಬಾಗಿಲಲ್ಲೇ ಸಿಬ್ಬಂದಿಗೆ ಹೇಳಿ. ಲಿಫ್ಟು, ಕೂರಲು ಅನುಮತಿ ಇರುವ ಕುರ್ಚಿ, ಸುತ್ತು ದಾರಿ ತಪ್ಪಿಸುವ ಬಾಗಿಲು ಎಲ್ಲವೂ ಅವರ ಕೈಯಲ್ಲಿರುತ್ತದೆ. ಒಮ್ಮೆ ಒಂದು ದಿಕ್ಕಿನ ದಾರಿಗೆ ಬಿದ್ದ ಮೇಲೆ ಹಿಂದೆ ಬರುವುದು ಕಷ್ಟ. ದರ್ಬಾರ್ ಕೋಣೆ ನೆಲಮಟ್ಟದಲ್ಲೇ ಇದೆ. ಅತ್ತೆಯವರು ಕೆಳಗಿನ ಕೋಣೆಗಳನ್ನಷ್ಟೇ ನೋಡಿ ಅಲ್ಲಿಗೆ ಬಂದು ಕೂಡಿಕೊಳ್ಳುವಂತೆ ಮಾಡಬಹುದೇ ಎಂದು ಕೇಳಿ. ವಯಸ್ಸಾದ ಮೇಲೆ ರಾಣಿಗೂ ಮೆಟ್ಟಿಲು ಹತ್ತಲಾಗದೆ, ಕೈಯಿಂದ ಎಳೆದು ಏರಿಸುವ ಲಿಫ್ಟ್ ಹಾಕಿಸಿಕೊಂಡಿದ್ದರು ಎಂದು ಅತ್ತೆಯವರಿಗೆ ಹೇಳಿ, ಸಂಕೋಚ ಹೋದೀತು.

ದರ್ಬಾರ್ ಭಾಗ ಮತ್ತು ಗೌರಮ್ಮ

ಈ ಭಾಗ ಕಟ್ಟಿದ್ದು 1890-91ರಲ್ಲಿ, ದೊಡ್ಡ ಔತಣಗಳಿಗೆ ಜಾಗ ಸಾಲದೆ. ಅಲಂಕಾರದ ಕಲ್ಪನೆ ಇಬ್ಬರದು: ಲಾಹೋರಿನ ಮೇಯೊ ಕಲಾಶಾಲೆಯ ಮುಖ್ಯಸ್ಥ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಮತ್ತು ಅವರ ಶಿಷ್ಯ ಭಾಯಿ ರಾಮ್ ಸಿಂಗ್. ರಾಮ್ ಸಿಂಗ್ ಲಾಹೋರಿನಿಂದ ಇಂಗ್ಲೆಂಡಿಗೆ ಬಂದು ನಿಂತು ಕೆಲಸ ಮಾಡಿಸಿದರು. ಬಿಳಿಯ ದಂತದ ಕೆತ್ತನೆಯೋ ಕಲ್ಲಿನ ಕೆತ್ತನೆಯೋ ಎಂದು ಕಾಣುವುದೆಲ್ಲ ಗಾರೆ ಮತ್ತು ಕಾಗದದ ತಿರುಳಿನ ಅಚ್ಚು. ಅವರು ಮಾಡಿಕೊಟ್ಟ ಮಾದರಿಗಳಿಂದ ಲಂಡನ್ನಿನ ಜಾಕ್ಸನ್ ಕಂಪನಿ ಅಚ್ಚು ಹೊಯ್ದು ಜೋಡಿಸಿತು. ಒಂದೇ ವಿನ್ಯಾಸ ಎಲ್ಲೆಲ್ಲಿ ಮತ್ತೆ ಬರುತ್ತದೆ ಎಂದು ಚಾವಣಿಯಲ್ಲಿ ಹುಡುಕಿದರೆ ಅಚ್ಚಿನ ಕೆಲಸ ಅರ್ಥವಾಗುತ್ತದೆ. ಅಗ್ಗಿಷ್ಟಿಕೆಯ ಮೇಲಿನ ಗರಿಬಿಚ್ಚಿದ ನವಿಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಗಳಿಗೆ ಗಣಪನನ್ನು ಹುಡುಕಲು ಹೇಳಿ. ಮೊಗಲ್ ಕಮಾನು, ಪಂಜಾಬಿ ಹೂಬಳ್ಳಿ, ಗಣಪ ಎಲ್ಲ ಒಂದೇ ಕೋಣೆಯಲ್ಲಿ ಬಂದು ಕೂತಿರುವುದು ಭಾರತದ ಯಾವ ದರ್ಬಾರಿನಲ್ಲೂ ಕಾಣಸಿಗದು. ಸಾಮ್ರಾಜ್ಞಿ ಎನಿಸಿಕೊಂಡೂ ಒಮ್ಮೆಯೂ ಭಾರತಕ್ಕೆ ಬಾರದ ರಾಣಿಗಾಗಿ ಭಾರತವನ್ನೇ ಕಡಲ ದಂಡೆಗೆ ತಂದು ನಿಲ್ಲಿಸಿದ ಕೋಣೆ ಇದು. ಕೈಕೆಲಸದ ಮಟ್ಟಿಗೆ ಅಪೂರ್ವ. ಅಲ್ಲಿ ಗಾಜಿನೊಳಗಿರುವ ಬೆಳ್ಳಿಯ ಕರಂಡಗಳು ಅವರ ಆಳ್ವಿಕೆಯ 50 ಮತ್ತು 60ನೇ ವರ್ಷಗಳಿಗೆ, ಅಂದರೆ 1887 ಮತ್ತು 1897ರಲ್ಲಿ, ಭಾರತದ ಊರುಗಳಿಂದ ಬಂದ ಅಭಿನಂದನಾ ಪತ್ರಗಳವು. ಊರಿನ ಹೆಸರುಗಳನ್ನು ಓದಿಕೊಂಡು ಹೋಗಿ.

ಪಕ್ಕದ ದರ್ಬಾರ್ ಕಾರಿಡಾರ್‌ನಲ್ಲಿ ಆಸ್ಟ್ರಿಯಾದ ಕಲಾವಿದ ರುಡಾಲ್ಫ್ ಸ್ವೊಬೋಡಾ ಬರೆದ ಪುಟ್ಟ ಪುಟ್ಟ ಮುಖಗಳಿವೆ, ಹೆಚ್ಚಿನವು ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡವು. ಮೊದಲು ಬರೆದದ್ದು 1886ರ ವಸ್ತುಪ್ರದರ್ಶನಕ್ಕೆಂದು ಆಗ್ರಾ ಜೈಲಿನಿಂದ ಲಂಡನ್ನಿಗೆ ಕರೆತಂದ ಕುಶಲಕರ್ಮಿಗಳನ್ನು. ಬಕ್ಷೀರಾಮ್ ಎಂಬ ಮುದಿ ಕುಂಬಾರನೂ ಅವರಲ್ಲೊಬ್ಬ. ರಾಣಿಗೆ ಹಿಡಿಸಿ ಕಲಾವಿದನನ್ನು ಭಾರತಕ್ಕೇ ಕಳಿಸಿದರು. ರಾಜರಿಗಿಂತ ನೇಕಾರ, ಕುಂಬಾರ, ಸಿಪಾಯಿಗಳ ಮುಖಗಳೇ ಹೆಚ್ಚು, ಹೆಸರುಗಳ ಸಮೇತ. ನಮ್ಮ ಮಟ್ಟಿಗೆ ಇಡೀ ಮನೆಯಲ್ಲಿ ಅತ್ಯಂತ ಬೆಲೆಯುಳ್ಳ ಗೋಡೆ ಇದು. ರಾಣಿಗೆ ಹಿಂದೂಸ್ತಾನಿ ಕಲಿಸಿದ ಮುನ್ಷಿ ಅಬ್ದುಲ್ ಕರೀಂ 1887ರಲ್ಲಿ ಆಗ್ರಾದಿಂದ ಬಂದವರು. ರಾಣಿ ತೀರಿಕೊಂಡ ಮೇಲೆ ಅವರ ಹತ್ತಿರವಿದ್ದ ರಾಣಿಯ ಪತ್ರಗಳನ್ನು ಹೊಸ ಅರಸರು ಸುಡಿಸಿದರು.

ಇನ್ನು ಮಾವನವರು ಕಾಯುತ್ತಿರುವುದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಪದಚ್ಯುತರಾಗಿ, ಕೊನೆಗೆ ಕಾಶಿಯಲ್ಲಿ ಸೆರೆವಾಸದಂತೆ ಇದ್ದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. ಈಸ್ಟ್ ಇಂಡಿಯಾ ಕಂಪನಿ ಹಿಡಿದಿಟ್ಟುಕೊಂಡ ಹಣವನ್ನು ಕೋರ್ಟಿನಲ್ಲಿ ಕೇಳಲು 1852ರಲ್ಲಿ ಅರಸರು ಮಗಳೊಂದಿಗೆ ಇಂಗ್ಲೆಂಡಿಗೆ ಬಂದರು. ಅದೇ ವರ್ಷ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ವಿಕ್ಟೋರಿಯಾ ಎಂಬ ತಮ್ಮ ಹೆಸರನ್ನು ಕೊಟ್ಟರು. ಫ್ರಾನ್ಸ್ ಕ್ಸೇವರ್ ವಿಂಟರ್‌ಹಾಲ್ಟರ್ ಆ ವರ್ಷವೇ ಬರೆದ ಚಿತ್ರದಲ್ಲಿ ಭಾರತದ ಉಡುಪು-ಒಡವೆ ತೊಟ್ಟ ಹನ್ನೊಂದು ವರ್ಷದ ಹುಡುಗಿಯ ಕೈಯಲ್ಲಿ ಬೈಬಲ್ ಇದೆ. ರಾಣಿಗೆ ಬೇಕಿದ್ದದ್ದು ಎರಡೂ: ನೋಡಲು ಭಾರತದ ರಾಜಕುಮಾರಿ, ನಂಬಿಕೆಯಲ್ಲಿ ಕ್ರೈಸ್ತಳು. ಚಿತ್ರವನ್ನು ಈ ಕಣ್ಣಿನಿಂದ ನೋಡಿ. ಶಿಲ್ಪಿ ಕಾರ್ಲೊ ಮರೊಚೆಟ್ಟಿ ಅವಳ ಎದೆಮಟ್ಟದ ಶಿಲ್ಪವನ್ನೂ ಮಾಡಿದ್ದಾರೆ, ಬಿಳಿ ಕಲ್ಲಿಗೆ ಮೈಬಣ್ಣ ಹಚ್ಚಿ. ಇಂಗ್ಲೆಂಡಿನಲ್ಲಿ ಆಗ ಬಣ್ಣದ ಶಿಲ್ಪ ಅಪರೂಪ. ಪದಚ್ಯುತನಾಗಿ ಇಂಗ್ಲೆಂಡಿಗೆ ಬಂದಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಚಿತ್ರವನ್ನು ಇದೇ ವಿಂಟರ್‌ಹಾಲ್ಟರ್ 1854ರಲ್ಲಿ ಬರೆದರು. ಇಬ್ಬರಿಗೂ ಮದುವೆ ಮಾಡಿಸಬೇಕೆಂದು ರಾಣಿಗೆ ಇತ್ತು, ಆಗಲಿಲ್ಲ. ಗೌರಮ್ಮ 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಕರ್ನಲ್‌ನನ್ನು ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತು, 1864ರಲ್ಲಿ ಕ್ಷಯದಿಂದ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ, ವೆಸ್ಟ್ ಬ್ರಾಂಪ್ಟನ್ ಸ್ಟೇಷನ್ ಪಕ್ಕ. 1859ರಲ್ಲೇ ಲಂಡನ್ನಿನಲ್ಲಿ ಸತ್ತ ತಂದೆಯ ಸಮಾಧಿ ಕೆನ್ಸಲ್ ಗ್ರೀನ್‌ನಲ್ಲಿ. ಮಾವನವರು ಲಂಡನ್ನಿಗೆ ಹೋಗುವವರಿದ್ದರೆ ಎರಡಕ್ಕೂ ಅರ್ಧ ದಿನ ಸಾಕು.

ಒಂದು ಎಚ್ಚರಿಕೆ. ರಾಯಲ್ ಕಲೆಕ್ಷನ್‌ನ ವಸ್ತುಗಳನ್ನು ಬೇರೆ ಪ್ರದರ್ಶನಗಳಿಗೆ ಕಳಿಸುವುದುಂಟು, ಶುಚಿಗೊಳಿಸಲು ಇಳಿಸುವುದೂ ಉಂಟು. ಕೊಡಗಿನಿಂದ ಬಂದವರು ಖಾಲಿ ಗೋಡೆ ನೋಡಿ ಹೋಗಬಾರದು. ಹೋಗುವ ಒಂದು ವಾರ ಮೊದಲೇ ಆಸ್ಬೋರ್ನ್‌ಗೆ ಮೇಲ್ ಹಾಕಿ, ವಿಂಟರ್‌ಹಾಲ್ಟರ್ ಬರೆದ ಗೌರಮ್ಮನ ಚಿತ್ರ ಮತ್ತು ಮರೊಚೆಟ್ಟಿ ಶಿಲ್ಪ ಎರಡೂ ಪ್ರದರ್ಶನದಲ್ಲಿವೆಯೇ, ಯಾವ ಜಾಗದಲ್ಲಿ ಎಂದು ಕೇಳಿ. ಒಳಗೆ ಹೋದ ಮೇಲೂ ಮೊದಲ ಕೋಣೆಯ ಸಿಬ್ಬಂದಿಯನ್ನು ಕೇಳಿ. "ಪ್ರಿನ್ಸೆಸ್ ಗೌರಮ್ಮ ಆಫ್ ಕೂರ್ಗ್" ಎಂದರೆ ಅವರಿಗೆ ಗೊತ್ತಾಗುತ್ತದೆ.

ತೋಟ, ಮಕ್ಕಳ ಮನೆ, ಕಡಲು

ದರ್ಬಾರ್ ಕೋಣೆಯಿಂದ ಹೊರಬಂದು ಮೇಲಿನ ಟೆರೇಸ್‌ನಲ್ಲಿ ನಿಂತರೆ ಕಡಲವರೆಗೂ ಇಳಿಜಾರು. ಜ್ಯಾಮಿತಿಯ ಅಳತೆಯ ಹೂಪಾತಿ, ಕಾರಂಜಿ, ಪ್ರತಿಮೆ, ಕುಂಡ. ಇಲ್ಲಿನ ಹೂಗಳನ್ನು ವಿಕ್ಟೋರಿಯನ್ ಪದ್ಧತಿಯಂತೆ ವರ್ಷಕ್ಕೆ ಎರಡು ಸಲ ಪೂರ್ತಿ ಕಿತ್ತು ನೆಡುತ್ತಾರೆ: ವಸಂತಕ್ಕೆ ಟ್ಯೂಲಿಪ್‌ನಂಥ ಗೆಡ್ಡೆಹೂ, ಬೇಸಿಗೆಗೆ ಹಸಿರುಮನೆಯಲ್ಲಿ ಬೆಳೆಸಿದ ಸಸಿ. ಮೇ ಕೊನೆಯಿಂದ ಜೂನ್ ನಡುವೆ ಹೋದವರಿಗೆ ಬರೀ ಮಣ್ಣು ಮತ್ತು ಎಳೆಸಸಿ ಕಾಣುವುದು ಅದಕ್ಕೇ. ಜುಲೈ ಎರಡನೇ ವಾರದ ಹೊತ್ತಿಗೆ ಪಾತಿಗಳು ತುಂಬಿರುತ್ತವೆ, ನಿಮಗೆ ಚಿಂತೆಯಿಲ್ಲ. ಗೋಡೆಗೆ ಒರಗಿಸಿ ಬೆಳೆಸಿದ ದೊಡ್ಡೆಲೆಯ ಮ್ಯಾಗ್ನೋಲಿಯಾ ಜುಲೈ ಕೊನೆಗೆ ಬಿಡಲು ತೊಡಗುತ್ತದೆ. ಮಿರ್ಟಲ್ ಗಿಡ ಯಾವುದೆಂದು ಕೇಳಿ ನೋಡಿ. ಆಲ್ಬರ್ಟರ ಅಜ್ಜಿ ಕೊಟ್ಟ ಕೊಂಬೆಯಿಂದ ಬಂದ ವಂಶ ಅದು. 1858ರಲ್ಲಿ ರಾಣಿಯ ಹಿರಿಮಗಳ ಮದುವೆಯಿಂದ ಶುರುವಾಗಿ ರಾಜಮನೆತನದ ವಧುಗಳ ಹೂಗುಚ್ಛಕ್ಕೆ ಇಲ್ಲಿಂದ ಒಂದು ಕಡ್ಡಿ ಹೋಗುತ್ತದೆ.

ಟೆರೇಸ್‌ನ ಆಂಡ್ರೊಮಿಡಾ ಪ್ರತಿಮೆ ಜಾನ್ ಬೆಲ್ ಮಾಡಿದ್ದು, 1851ರಲ್ಲಿ ಆಲ್ಬರ್ಟ್ ಮುಂದೆ ನಿಂತು ನಡೆಸಿದ ಮಹಾ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದು. ಆ ಪ್ರದರ್ಶನ ನಡೆದ ಗಾಜಿನ ಕ್ರಿಸ್ಟಲ್ ಪ್ಯಾಲೇಸೇ ಮುಂದೆ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಸ್ಫೂರ್ತಿಯಾಯಿತು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಈ ಮನೆಯ ಮೊಮ್ಮಗ. ಫಲಪುಷ್ಪ ಪ್ರದರ್ಶನ ನೋಡಿ ಬೆಳೆದವರಿಗೆ ಆಸ್ಬೋರ್ನ್‌ನ ಪಾತಿಗಳು ಪರಿಚಿತ ಅನಿಸಿದರೆ ಆಶ್ಚರ್ಯವಿಲ್ಲ. ಟೆರೇಸ್‌ಗಳ ನಡುವೆ ಮೆಟ್ಟಿಲು ಬಹಳ, ದಾರಿಯಲ್ಲಿ ಜಲ್ಲಿ. ಅತ್ತೆಯವರಿಗೆ ಮೇಲಿನ ಟೆರೇಸೇ ಸಾಕು, ನೋಟ ಅಲ್ಲಿಂದಲೇ ಚೆನ್ನ.

ಸುತ್ತುಗೋಡೆಯ ಕಾಯಿಪಲ್ಲೆ ತೋಟಕ್ಕೆ ಅರ್ಧ ಗಂಟೆ. ಬಾಗಿಲಲ್ಲಿರುವ ಕಲ್ಲಿನ ಮಂಟಪ, ಕೆಡವಿದ ಹಳೇ ಮನೆಯ ಮುಂಬಾಗಿಲಿನದು. ಇಟ್ಟಿಗೆ ಗೋಡೆ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಿಡುವುದರಿಂದ, ಅದಕ್ಕೆ ಅಂಗೈ ಬಿಡಿಸಿದಂತೆ ಕಟ್ಟಿದ ಹಣ್ಣಿನ ಗಿಡಗಳು ಈ ಚಳಿಯ ದೇಶದಲ್ಲೂ ಹಣ್ಣಾಗುತ್ತವೆ. ಮನೆಯ ಹಿತ್ತಿಲಲ್ಲಿ ಗಿಡ ಬೆಳೆಸುವವರಿಗೆ ಇದು ಹೊಳೆಯಬೇಕಾದ ಯುಕ್ತಿ: ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯನ್ನು ಖಾಲಿ ಬಿಡಬೇಡಿ.

ಮಗಳ ದಿನ ಗೆಲ್ಲುವುದು ಸ್ವಿಸ್ ಕಾಟೇಜ್‌ನಲ್ಲಿ. ಮನೆಯಿಂದ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ, ನಡೆದರೆ ಇಪ್ಪತ್ತು ನಿಮಿಷ. ಸೀಸನ್ನಿನಲ್ಲಿ ಮಿನಿಬಸ್ ಓಡುತ್ತದೆ, ಆದರೆ ಸೀಟು ಕಡಿಮೆ, ಊಟದ ಹೊತ್ತಿಗೆ ಸಾಲು. 1853-54ರಲ್ಲಿ ಕಟ್ಟಿದ ಈ ಮರದ ಮನೆ ರಾಣಿಯ ಒಂಬತ್ತು ಮಕ್ಕಳದು. ಆಟಕ್ಕಲ್ಲ, ಕೆಲಸ ಕಲಿಯಲು. ಅಡುಗೆಮನೆಯಲ್ಲಿ ಪಾತ್ರೆ, ಒಲೆ ಎಲ್ಲ ಮಕ್ಕಳ ಅಳತೆಗೆ. ಹೊರಗೆ ಒಬ್ಬೊಬ್ಬರಿಗೂ ಒಂದೊಂದು ತೋಟದ ತುಂಡು. ಬೆಳೆದ ತರಕಾರಿಯನ್ನು ಅಪ್ಪ ಪೇಟೆಯ ದರಕ್ಕೆ ಕೊಳ್ಳುತ್ತಿದ್ದರು. ಹೆಸರಿನ ಮೊದಲಕ್ಷರ ಬರೆದ ಪುಟ್ಟ ಕೈಗಾಡಿಗಳು ಇಂದಿಗೂ ಸಾಲಾಗಿ ನಿಂತಿವೆ. ಯಾವ ಅಕ್ಷರ ಯಾವ ಮಗುವಿನದು ಎಂದು ಹೊಂದಿಸುವ ಆಟಕ್ಕೆ ಒಂಬತ್ತು ವರ್ಷ ಸರಿಯಾದ ವಯಸ್ಸು. ಪಕ್ಕದಲ್ಲೇ ಮಕ್ಕಳ ಮಣ್ಣಿನ ಕೋಟೆ ಮತ್ತು ಮಕ್ಕಳು ಶೇಖರಿಸಿದ ಚಿಪ್ಪು, ಕಲ್ಲು, ಹಕ್ಕಿಗಳ ಪುಟ್ಟ ಮ್ಯೂಸಿಯಂ.

ಅಲ್ಲಿಂದ ಇಳಿದರೆ ರಾಣಿಯ ಖಾಸಗಿ ಕಡಲ ದಂಡೆ, ಜನರಿಗೆ ತೆರೆದದ್ದು 2012ರಲ್ಲಷ್ಟೇ. ರಾಣಿಯ ಬೇದಿಂಗ್ ಮಷೀನ್ ಅಲ್ಲಿದೆ: ಗಾಲಿಯ ಮೇಲಿನ ಮರದ ಕೋಣೆ. ಒಳಗೆ ಬಟ್ಟೆ ಬದಲಿಸಿ, ನೀರಿನವರೆಗೆ ಉರುಳಿಸಿಕೊಂಡು ಹೋಗಿ, ಪರದೆಯ ಮರೆಯಲ್ಲೇ ಕಡಲಿಗೆ ಇಳಿಯುವ ವ್ಯವಸ್ಥೆ. ರಾಣಿ ಹೀಗೆ ಮೊದಲು ಕಡಲ ಸ್ನಾನ ಮಾಡಿದ್ದು 1847ರ ಜುಲೈನಲ್ಲಿ. ರಾಣಿಯ ನಂತರ ಈ ಗಾಡಿ ಕೋಳಿಗೂಡಾಗಿತ್ತು ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ದಂಡೆಯಿಂದ ವಾಪಸ್ ಬರುವುದು ಏರು. ಮಿನಿಬಸ್ಸಿನ ಕೊನೆಯ ಟ್ರಿಪ್ ಎಷ್ಟಕ್ಕೆ ಎಂದು ಇಳಿಯುವಾಗಲೇ ಡ್ರೈವರನ್ನು ಕೇಳಿಟ್ಟುಕೊಳ್ಳಿ.

ಊಟಕ್ಕೆ ಮನೆಯ ಹತ್ತಿರವೂ ಸ್ವಿಸ್ ಕಾಟೇಜ್ ಹತ್ತಿರವೂ ಕೆಫೆಗಳಿವೆ. ಸಸ್ಯಾಹಾರ ಎಂದರೆ ಸ್ಯಾಂಡ್‌ವಿಚ್, ಸೂಪ್, ಸ್ಕೋನ್ ಮಟ್ಟದಲ್ಲಿ ಮುಗಿಯುತ್ತದೆ. ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಲು ಅಡ್ಡಿಯಿಲ್ಲ. ಪುಳಿಯೋಗರೆಯೋ ಚಪಾತಿ-ಪಲ್ಯವೋ ಕಟ್ಟಿಕೊಳ್ಳಿ, ಮನೆಯೊಳಗೆ ಮಾತ್ರ ನೀರು-ತಿಂಡಿ ತೆಗೆಯುವಂತಿಲ್ಲ. ಜುಲೈ ಆದರೂ ಟೆರೇಸ್‌ನಲ್ಲಿ ಕಡಲ ಗಾಳಿ ಚುರುಗುಟ್ಟುತ್ತದೆ. ಕೊಡಗಿನವರಿಗೆ ಮಳೆ ಹೊಸದಲ್ಲ, ಆದರೆ ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟ್ ತೆಗೆದುಕೊಳ್ಳಿ.

ಒಟ್ಟು ಹೊತ್ತಿನ ಲೆಕ್ಕ: ಮನೆಗೆ ಎರಡೂವರೆ ಗಂಟೆ, ಊಟ ಮತ್ತು ಮೇಲಿನ ಟೆರೇಸ್‌ಗೆ ಒಂದು, ಗೋಡೆತೋಟಕ್ಕೆ ಅರ್ಧ, ಸ್ವಿಸ್ ಕಾಟೇಜ್ ಮತ್ತು ದಂಡೆಗೆ ಒಂದೂವರೆ. ಹತ್ತಕ್ಕೆ ಒಳಗೆ ಹೋದರೆ ಮೂರೂವರೆಗೆ ಮುಗಿಯುತ್ತದೆ. ಹೊತ್ತು ಸಾಲದಿದ್ದರೆ ಮೊದಲು ಬಿಡಬೇಕಾದ್ದು ಗೋಡೆತೋಟ, ಆಮೇಲೆ ದಂಡೆ. ಚಳಿಗಾಲದಲ್ಲಿ ಬರುವ ನೆಂಟರಿಗೆ ಈ ಲೆಕ್ಕ ಹೊಂದುವುದಿಲ್ಲ, ಆಗ ತೆರೆದಿರುವ ದಿನಗಳೂ ಗಂಟೆಗಳೂ ಕಡಿಮೆ. ವಾಪಸ್ ಫೆರ್ರಿಯನ್ನು ಐದರ ಸುಮಾರಿನದಕ್ಕೆ ಕಾದಿರಿಸಿ, ನಾಲ್ಕರ ಸುಮಾರಿಗೆ ಬಸ್‌ಸ್ಟಾಪಿನಲ್ಲಿರಿ. 4 ಮತ್ತು 5ರ ಬಸ್ಸುಗಳು ಎರಡು ದಿಕ್ಕಿಗೂ ಓಡುತ್ತವೆ. ಹತ್ತುವ ಮುಂಚೆ ಹಣೆಯ ಮೇಲೆ ಈಸ್ಟ್ ಕೌಸ್ ಎಂದು ಬರೆದಿದೆಯೇ ನೋಡಿ.